ಕಮಲಾಪುರದ ಕುಲುಮೆಗಳು ಆರಿದ್ದು ಯಾಕೆ?

ಕೇಳುಗರಿಗೆ ನಮಸ್ಕಾರ. ಕಂಪ್ಲಿ, ಗಂಗಾವತಿ, ಸಂಡೂರು ಕಡೆಯಿಂದ ಕೇಳ್ತಿರೋರಿಗೆ ಇವತ್ತಿನ ಮಾತು ತೀರಾ ಹತ್ತಿರದ್ದು. ಹಂಪಿಗೆ ಹೋಗುವಾಗ ದಾಟಿ ಹೋಗ್ತೀರಲ್ಲ, ಅದೇ ಕಮಲಾಪುರ. 2021ರವರೆಗೆ ಬಳ್ಳಾರಿ ಜಿಲ್ಲೆಯೊಳಗೇ ಇತ್ತು, ಈಗ ವಿಜಯನಗರ ಜಿಲ್ಲೆ. ಅಲ್ಲಿನ ಕೆರೆ, ಗುಡಿ ಬಗ್ಗೆ ಹೇಳೋರು ಬಹಳ ಮಂದಿ. ಅಲ್ಲಿ ಅದಿರು ಕಾಸಿ ಕಬ್ಬಿಣ ತೆಗೀತಿದ್ರು, ಆ ಕಬ್ಬಿಣದಲ್ಲಿ ಕಬ್ಬಿನ ಹಾಲು ಕಾಯಿಸೋ ಕೊಪ್ಪರಿಗೆ ಮಾಡ್ತಿದ್ರು ಅನ್ನೋದನ್ನು ಹೇಳೋರು ಕಡಿಮೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ಬೇಕಂತಲೇ ಮತ್ತೆ ಮತ್ತೆ ಹೇಳ್ತೀನಿ. ಆ ಕುಲುಮೆ ಆರಿದ್ದು ಅದಿರು ಮುಗಿದದ್ದಕ್ಕಲ್ಲ, ಇದ್ದಿಲು ತುಟ್ಟಿಯಾದದ್ದಕ್ಕೆ.

ಅದಿರು ಬರ್ತಿದ್ದದ್ದು ಹೊಸಪೇಟೆ ಪಕ್ಕದ ಜಂಬುನಾಥನ ಗುಡ್ಡದಿಂದ. ಸಂಡೂರು ಬೆಟ್ಟಸಾಲಿನ ಆ ತುದಿ ಅದು. ಕೋಣಗಳ ಬೆನ್ನಿಗೆ ಹೇರಿ ತರ್ತಿದ್ರು. ಈ ಸಾಲಿನ ಒಳ್ಳೆ ಅದಿರಿನಲ್ಲಿ ನೂರು ಕಿಲೊಗೆ ಅರವತ್ತು ಕಿಲೊಗೂ ಮಿಗಿಲು ಕಬ್ಬಿಣವೇ ಇರ್ತದೆ. ಅದಿರಿಗೆ ಅಂದೂ ಬರ ಇರಲಿಲ್ಲ, ಇಂದೂ ಇಲ್ಲ.

ಇನ್ನು ಮಣ್ಣಿನ ಕುಲುಮೆಯ ಕೆಲಸ ಕೇಳಿ. ಇದನ್ನು ಸ್ವಲ್ಪ ವಿಸ್ತಾರವಾಗೇ ಹೇಳ್ತೀನಿ, ಯಾಕಂದ್ರೆ ಬಹಳ ಜನ ಕಬ್ಬಿಣವನ್ನು ನೀರಿನ ಹಾಗೆ ಸುರೀತಿದ್ರು ಅಂದ್ಕೊಂಡಿದ್ದಾರೆ. ಸುರೀತಿರಲಿಲ್ಲ. ಕಬ್ಬಿಣ ಕರಗೋದು 1538 ಡಿಗ್ರಿಯಲ್ಲಿ, ಈ ಕುಲುಮೆಯ ಕಾವು 1200ರ ಆಸುಪಾಸು. ಆ ಕಾವಿಗೆ ಕರಗಿ ಹರಿಯೋದು ಕಿಟ್ಟ, ಅಂದ್ರೆ ಅದಿರಿನ ಕಸರು ಮಾತ್ರ. ಕಬ್ಬಿಣ ಒಳಗೇ ಮೆತ್ತಗಾಗಿ, ತೂತುತೂತಾದ ಮುದ್ದೆಯಾಗಿ ಕೂಡ್ತದೆ.

ಜೇಡಿಮಣ್ಣಿಗೆ ಹೊಟ್ಟು ಕಲಸಿ ಗೋಡೆ ಎಬ್ಬಿಸಬೇಕು. ಪೂರಾ ಒಣಗೋ ತನಕ ಬೆಂಕಿ ತೋರಿಸಬಾರದು, ತೋರಿಸಿದ್ರೆ ಬಿರುಕು ಬಿಟ್ಟು ಗಾಳಿ ಸೋರ್ತದೆ. ಅದಿರನ್ನು ಮೊದಲು ಸೌದೆ ಬೆಂಕಿಯಲ್ಲಿ ಹುರಿದು, ಅಡಿಕೆ ಗಾತ್ರಕ್ಕೆ ಒಡೀಬೇಕು. ಪುಡಿ ಹೆಚ್ಚಾದ್ರೆ ಸಂದು ಮುಚ್ಚಿ ಕುಲುಮೆಗೆ ಉಸಿರು ಕಟ್ತದೆ. ಬರೀ ಇದ್ದಿಲು ತುಂಬಿ ಕಾಯಿಸಿ, ಆಮೇಲೆ ಒಂದು ಪದರ ಅದಿರು, ಒಂದು ಪದರ ಇದ್ದಿಲು. ತಿದಿ, ಅಂದ್ರೆ ಗಾಳಿ ಊದೋ ಚರ್ಮದ ಚೀಲ, ಎರಡು ಬೇಕೇ ಬೇಕು. ಒಂದು ಉಬ್ಬುವಾಗ ಇನ್ನೊಂದು ಊದಬೇಕು. ಊದೋನು ನಿಂತ್ರೆ ಕಿಟ್ಟ ತಿದಿಯ ಕೊಳವೆ ಬಾಯಲ್ಲೇ ಹೆಪ್ಪುಗಟ್ತದೆ, ಅಲ್ಲಿಗೆ ಆ ದಿನದ ಕೆಲಸ ಕೆಟ್ಟಂಗೆ. ಇದ್ದಿಲು ಹಸಿಯಾಗಿದ್ರೆ ಕಾವು ಏರೋದಿಲ್ಲ. ಇದ್ದಿಲೂ ಗಾಳಿಯೂ ಅತಿಯಾದ್ರೆ ಇನ್ನೊಂದು ಕಷ್ಟ: ಕಬ್ಬಿಣ ಇಂಗಾಲ ಕುಡಿದು ಪೆಡಸಾದ ಬೀಡು ಕಬ್ಬಿಣ ಆಗ್ತದೆ, ಸುತ್ತಿಗೆ ಬಿದ್ದ ಕೂಡಲೇ ಒಡೆದು ಚೂರಾಗ್ತದೆ. ಕಮ್ಮಾರನಿಗೆ ಅದು ದಂಡ.

ಕಡೆಗೆ ಬುಡದ ತೂತು ತೆಗೆದು ಕಿಟ್ಟ ಹರಿಸಿ, ಮುಂದಿನ ಗೋಡೆ ಒಡೆದು, ಇಕ್ಕಳ ಹಾಕಿ ಮುದ್ದೆ ಎಳೆದು, ಬಿಸಿ ಇರುವಾಗಲೇ ಬಡೀಬೇಕು. ಬಡಿದಷ್ಟೂ ಒಳಗಿನ ಕಿಟ್ಟ ಹೊರಗೆ. ಉಳಿಸಿದ್ರೆ ಮುಂದೆ ತಗಡು ಪದರು ಬಿಡ್ತದೆ.

ಈಗ ಲೆಕ್ಕ ಹಾಕಿ. ಇಂಥ ಕುಲುಮೆಯಲ್ಲಿ ಅರ್ಧದಷ್ಟು ಕಬ್ಬಿಣ ಕಿಟ್ಟದ ಪಾಲು. ಹತ್ತು ಕಿಲೊ ಕಬ್ಬಿಣಕ್ಕೆ ಮೂವತ್ತು ಕಿಲೊ ಅದಿರು, ಕಡಿಮೆ ಅಂದ್ರೂ ಐವತ್ತು ಕಿಲೊ ಇದ್ದಿಲು. ಒಂದು ಕಿಲೊ ಇದ್ದಿಲಿಗೆ ನಾಲ್ಕೈದು ಕಿಲೊ ಕಟ್ಟಿಗೆ. ಅಂದ್ರೆ ಹತ್ತು ಕಿಲೊ ಕಬ್ಬಿಣಕ್ಕೆ ಇನ್ನೂರು ಕಿಲೊಗೂ ಮೇಲೆ ಮರ! ಅದನ್ನು ತಗಡು ಬಡಿಯೋಕೆ ಮತ್ತೆ ಮತ್ತೆ ಕಾಯಿಸ್ಬೇಕಲ್ಲ, ಆ ಇದ್ದಿಲು ಬೇರೆ. ಎಲ್ಲಿಂದ ಬರಬೇಕು? 1882ರಲ್ಲಿ ಮದ್ರಾಸ್ ಅರಣ್ಯ ಕಾಯ್ದೆ ಬಂತು, ಕಾಡಿಗೆ ಕಾವಲು ಬಿತ್ತು. ಅದೇ ದಶಕದಲ್ಲಿ ಹೊಸಪೇಟೆಗೆ ರೈಲು ಬಂತು. ಬೋಗಿಯಲ್ಲಿ ಇಂಗ್ಲೆಂಡಿನ ಕಬ್ಬಿಣ ಬಂತು.

ಅದು ಅಗ್ಗ ಆಗಿದ್ದು ಹೇಗೆ? ಅವರಿಗೂ ಇದೇ ಇದ್ದಿಲಿನ ಕಷ್ಟ ಇತ್ತು. 1709ರಲ್ಲಿ ಅಲ್ಲಿನ ಅಬ್ರಹಾಂ ಡಾರ್ಬಿ ಅನ್ನೋರು ಕೋಕ್, ಅಂದ್ರೆ ಗಾಳಿ ತಾಗದ ಹಾಗೆ ಕಾಯಿಸಿದ ಕಲ್ಲಿದ್ದಲು, ಹಾಕಿ ಕುಲುಮೆ ನಡೆಸಿದ್ರು. ಮರದ ಹಂಗು ತಪ್ಪಿತು. ನಮ್ಮ ಜಂಬುನಾಥನ ಗುಡ್ಡದ ಹತ್ತಿರ ಕಲ್ಲಿದ್ದಲು ಎಲ್ಲಿದೆ? ಕೆಲಸ ಗೊತ್ತಿಲ್ಲದೆ ಸೋತ್ರು ಅಂತ ದಯವಿಟ್ಟು ಯಾರೂ ಹೇಳಬೇಡಿ. ಇದ್ದಿಲಿಗೆ ಸೋತ್ರು.

ಹಾಗಂತ ಊರಲ್ಲಿ ಸುತ್ತಿಗೆ ಸದ್ದು ಒಮ್ಮೆಗೇ ನಿಲ್ಲಲಿಲ್ಲ. 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರ್ ಹೊತ್ತಿಗೆ ಅದಿರು ಕಾಸೋದು ನಿಂತಿತ್ತು, ಕೊಪ್ಪರಿಗೆ ಮಾಡೋದು ನಡೆದಿತ್ತು, ಹೊರಗಿನ ಕಬ್ಬಿಣದಲ್ಲಿ. ಗಿರಾಕಿಗಳು ಪಕ್ಕದಲ್ಲೇ: ವಿಜಯನಗರದ ಕಾಲದ ಕಾಲುವೆಗಳ ಕೆಳಗೆ ಕಬ್ಬು ಬೆಳೆಯೋರು. ಕೊಪ್ಪರಿಗೆ ಕೆಲಸ ಸಣ್ಣದಲ್ಲ. ತಳ ಒಂದು ಕಡೆ ದಪ್ಪ ಒಂದು ಕಡೆ ತೆಳು ಆದ್ರೆ ತೆಳು ಕಡೆ ಪಾಕ ಹತ್ತಿ ಬೆಲ್ಲ ಕಪ್ಪಾಗ್ತದೆ. ಇದ್ದಿಲು ಸುಡೋರು, ಕೋಣ ಹೊಡೆಯೋರು, ತಿದಿಗೆ ಚರ್ಮ ಹದ ಮಾಡೋರು, ಇವರ ಬಗ್ಗೆಯೂ ಹೇಳೋದಿತ್ತು. ಕುಲುಮೆ ಮುಂದೆಯೇ ಹೊತ್ತು ಕಳೆದುಹೋಯ್ತು.

ಇವತ್ತು ಕೊಪ್ಪಳದ ಬೇವಿನಹಳ್ಳಿಯಲ್ಲಿ ಬೀಡಿನ ಎರಕ ಹೊಯ್ತಾರೆ, ತೋರಣಗಲ್ಲಿನಲ್ಲಿ ಉಕ್ಕು ಮಾಡ್ತಾರೆ. ಅದಿರು ಇಲ್ಲಿಯದೇ. ತೋರಣಗಲ್ಲಿನ ಕೋಕ್‌ಗೆ ಕಲ್ಲಿದ್ದಲು ಹಡಗಿನಲ್ಲಿ ಬರ್ತದೆ ನೋಡ್ರಿ!

ಕೊನೆಗೊಂದು ಕೆಲಸದ ಮಾತು. ಹೊಲ ಹೊಡೆಯುವಾಗ ಕಪ್ಪು ಕಲ್ಲು ಸಿಕ್ಕರೆ ಕೈಯಲ್ಲಿ ತೂಗಿ. ಗಾತ್ರಕ್ಕೆ ಮೀರಿದ ಭಾರ, ಮೇಲೆ ಹರಿದು ಹೆಪ್ಪಾದ ಗೆರೆ, ಅಡಿಗೆ ಸುಟ್ಟ ಮಣ್ಣು ಇದ್ರೆ ಅದು ಕಿಟ್ಟ. ಪಕ್ಕದಲ್ಲಿ ಮಣ್ಣಿನ ಕೊಳವೆ ಚೂರು ಸಿಕ್ಕರಂತೂ ಅನುಮಾನವೇ ಬೇಡ. ಕುಡಿತಿನಿ ಬೂದಿದಿಬ್ಬದ ಹಗುರ ಗಟ್ಟಿಗಳನ್ನು ತೋರಿಸಿ ಇದೇ ಕಿಟ್ಟ ಅನ್ಬೇಡಿ, ಅದು ದನದ ಸಗಣಿ ಸುಟ್ಟದ್ದು. ಕಿಟ್ಟವನ್ನು ಬದುವಿಗೆ, ರಸ್ತೆಗೆ ಹಾಕದೆ ಇದ್ದಲ್ಲೇ ಬಿಟ್ಟು, ಫೋಟೊ ತೆಗೆದು, ಸರ್ವೆ ನಂಬರ್ ಬರೆದುಕೊಂಡು ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ತಿಳಿಸಿ. ನಮಸ್ಕಾರ.