ವಾಕ್ಯದ ಕೊನೆ ನುಂಗಬೇಡಿ

(ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಒಂದು ದಿನದ ಶಿಬಿರದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ನೀವೆಲ್ಲ ಒಬ್ಬೊಬ್ಬರಾಗಿ ಎದ್ದು ಪರಿಚಯ ಹೇಳಿಕೊಂಡಿರಿ. ನಾನು ಕೊನೆಯ ಸಾಲಿನಲ್ಲಿ ಕೂತು ಕೇಳುತ್ತಿದ್ದೆ. ಹೆಚ್ಚಿನವರ ಹೆಸರು ಕೇಳಿಸಿತು, ಊರು ಅರ್ಧ ಕೇಳಿಸಿತು, ಆಮೇಲಿನದು ಸೆರಗಿನೊಳಗೇ ಉಳಿಯಿತು. ಕಾಫಿಗೆ ಬಿಟ್ಟಾಗ ಅದೇ ನೀವು ಜಗಲಿಯ ಈ ತುದಿಯಿಂದ ಆ ತುದಿಗೆ ಮಾತಾಡಿದ್ದು, ನಕ್ಕಿದ್ದು ಒಂದೊಂದೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಹಾಗಾಗಿ "ನಮಗೆ ದನಿಯೇ ಇಲ್ಲ ಟೀಚರ್" ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ನಮ್ಮ ಕಡೆ ದೂರ ಅಳೆಯುವುದೇ ದನಿಯಿಂದ. ಅವರ ಮನೆ ಎಷ್ಟು ದೂರ ಎಂದರೆ "ಇಲ್ಲೇ, ಒಂದು ಕೂಗಳತೆ" ಎನ್ನುತ್ತೇವೆ. ತೋಟದಲ್ಲಿರುವವರನ್ನು ಊಟಕ್ಕೆ ಕರೆಯಲು ಅಂಗಳದ ಅಂಚಿಗೆ ಬಂದು "ಕೂ..." ಎನ್ನುವಾಗ ಯಾರ ಗಂಟಲೂ ಕಟ್ಟುವುದಿಲ್ಲ. ಆ ಕೂಗಿಗೆ ಮೊದಲು ನೀವು ಏನು ಮಾಡುತ್ತೀರಿ, ನೆನಪಿಸಿಕೊಳ್ಳಿ. ಗಟ್ಟಿಯಾಗಿ ನಿಲ್ಲುತ್ತೀರಿ. ಹೊಟ್ಟೆ ತುಂಬ ಉಸಿರು ತೆಗೆದುಕೊಳ್ಳುತ್ತೀರಿ. ಯಾರಿಗೆ ಕೇಳಬೇಕೋ ಆ ಕಡೆಗೇ ಮುಖ ಮಾಡುತ್ತೀರಿ. ಬಾಯಿ ಪೂರ್ತಿ ತೆರೆಯುತ್ತೀರಿ. ಗ್ರಾಮಸಭೆಯಲ್ಲಿ ಎದ್ದು ನಿಂತಾಗ ಈ ನಾಲ್ಕೂ ಕೈಬಿಟ್ಟು ಹೋಗುತ್ತವೆ. ಇವತ್ತು ನಾವು ಹೊಸದೇನನ್ನೂ ಕಲಿಯಬೇಕಾಗಿಲ್ಲ, ಅಂಗಳದಲ್ಲಿ ಇರುವುದನ್ನು ಸಭೆಗೆ ತರಬೇಕು.

ದನಿ ಹುಟ್ಟುವ ಜಾಗದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಕುತ್ತಿಗೆಯ ಮುಂಭಾಗಕ್ಕೆ ಮೆಲ್ಲಗೆ ಬೆರಳಿಟ್ಟು "ಮ್ಮ್ಮ್" ಅನ್ನಿ. ಒಳಗೆ ನಡುಗುತ್ತದೆ, ಅಲ್ಲವೇ? ಅಲ್ಲಿ ಎರಡು ಧ್ವನಿತಂತುಗಳಿವೆ. ತಂತು ಎಂದರೂ ಅವು ವೀಣೆಯ ತಂತಿಯ ಹಾಗಲ್ಲ, ಮೆತ್ತನೆಯ ಎರಡು ಮಡಿಕೆಗಳು. ಹೆಂಗಸರಲ್ಲಿ ಒಂದೂವರೆ ಸೆಂಟಿಮೀಟರ್ ಆಸುಪಾಸು ಉದ್ದ, ಗಂಡಸರಲ್ಲಿ ಇನ್ನಷ್ಟು ಹೆಚ್ಚು. ಶ್ವಾಸಕೋಶದಿಂದ ಬರುವ ಗಾಳಿ ಅವುಗಳ ನಡುವೆ ಹಾದು ಹೋಗುವಾಗ ಅವು ಒಂದಕ್ಕೊಂದು ತಾಗಿ ಬಿಟ್ಟು ಮಾಡುತ್ತವೆ. ಹೆಂಗಸರ ಮಾಮೂಲಿ ಮಾತಿನಲ್ಲಿ ಇದು ಸೆಕೆಂಡಿಗೆ ಸುಮಾರು 200 ಸಲ. ಒಂದೇ ಒಂದು ನಿಮಿಷ ಸ್ವರ ಹಿಡಿದರೆ 12,000 ಸಲ! ಅಷ್ಟು ಸಣ್ಣ ಜಾಗಕ್ಕೆ ಅಷ್ಟು ಕೆಲಸ. ಕೆಳಗಿನಿಂದ ಗಾಳಿ ಸಾಲದೇ ಹೋದಾಗ ನಾವು ಗಂಟಲು ಬಿಗಿದು ದನಿ ತರುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಂದ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನನ್ನ ಮೊದಲ ಕೆಲಸ ಆಗುಂಬೆ ಕಡೆಯ ಒಂದು ಶಾಲೆಯಲ್ಲಿ. ಆಗುಂಬೆ ಎಂದರೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಾಗ. ತಗಡಿನ ಮಾಡು. ಆಷಾಢದಲ್ಲಿ ಮಳೆ ಹಿಡಿದರೆ ಎದುರಿನ ಬೆಂಚಿನ ಹುಡುಗನಿಗೂ ನನ್ನ ಮಾತು ಕೇಳಿಸುತ್ತಿರಲಿಲ್ಲ. ನಾನು ಮಳೆಯ ಮೇಲೆ ಪಂಥ ಕಟ್ಟಿದವಳ ಹಾಗೆ ಕೂಗಿದೆ. ಎರಡು ಮಳೆಗಾಲ ಹಾಗೇ ಕೂಗಿದೆ. ಮೂರನೆಯದರಲ್ಲಿ ದನಿ ಒಡೆಯಿತು. ಬೆಳಿಗ್ಗೆ ಬರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಬರೀ ಗಾಳಿ. ಕಾಳುಮೆಣಸಿನ ಕಷಾಯ ಕುಡಿದೆ, ಜೇಷ್ಠಮಧು ಅಗಿದೆ. ಕೊನೆಗೆ ಶಿವಮೊಗ್ಗದಲ್ಲಿ ಕಿವಿ ಮೂಗು ಗಂಟಲಿನ ವೈದ್ಯರು ಒಳಗೆ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಮುತ್ತಿನ ಬಣ್ಣದ ಎರಡು ಮಡಿಕೆಗಳು, ಎರಡರ ಅಂಚಿನಲ್ಲೂ ಎದುರುಬದುರಾಗಿ ರಾಗಿಕಾಳಿನಂಥ ಒಂದೊಂದು ಗಂಟು. ಮೇಷ್ಟರಿಗೆ, ಹಾಡುವವರಿಗೆ ಇದು ಸಾಮಾನ್ಯ ಎಂದರು. ಎರಡು ವಾರ ಮಾತು ಬಿಡಿಸಿದರು, ಪಿಸುಮಾತೂ ಬೇಡ ಎಂದರು, ಏಕೆಂದರೆ ಒತ್ತಿ ಪಿಸುಗುಟ್ಟಿದರೂ ಗಂಟಲು ಬಿಗಿಯುತ್ತದೆ. ಇನ್ನೊಂದು ಮಾತು ಹೇಳಿದರು: ನಾವು ನುಂಗುವ ಕಷಾಯ ಧ್ವನಿತಂತುವನ್ನು ಮುಟ್ಟುವುದೇ ಇಲ್ಲ, ಅದು ಹೋಗುವ ದಾರಿ ಬೇರೆ. ಮುಟ್ಟಿದರೆ ನೆತ್ತಿಗೇರಿ ಕೆಮ್ಮುತ್ತೇವೆ. ದಿನವಿಡೀ ಸ್ವಲ್ಪಸ್ವಲ್ಪ ನೀರು ಕುಡಿಯುವುದು, ಬಿಸಿನೀರಿನ ಹಬೆ, ಸುಮ್ಮನಿರುವುದು, ಇವೇ ಆರೈಕೆ. ದನಿ ಕಟ್ಟಿ ಮೂರು ವಾರ ದಾಟಿದರೆ ದಯವಿಟ್ಟು ವೈದ್ಯರಿಗೆ ತೋರಿಸಿ, ಶೀತ ಎಂದು ತಳ್ಳಿಹಾಕಬೇಡಿ. ಅಡಿಕೆ ನಾಡಿನಲ್ಲಿ ನಿಂತು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ: ಅಡಿಕೆ, ಹೊಗೆಸೊಪ್ಪು, ಗುಟ್ಕಾ ಅಗಿದು ಅಗಿದು ದವಡೆ ಬಿಗಿದು, ಎರಡು ಬೆರಳೂ ಬಾಯೊಳಗೆ ಹೋಗದ ಹಾಗಾದವರನ್ನು ನಾನು ಕಂಡಿದ್ದೇನೆ.

ಶಾಲೆಗೆ ಮರಳಿದ ಮೇಲೆ ಮಳೆ ಜೋರಾದಾಗ ನಾನು ಮಾತು ನಿಲ್ಲಿಸಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮಳೆ ಇಳಿದ ಮೇಲೆ ಮಾತು. ಮಕ್ಕಳು ಕಾಯುತ್ತಿದ್ದರು. ಮಾತಾಡುವವರು ಸುಮ್ಮನೆ ನಿಂತರೆ ಕೇಳುವವರು ಇನ್ನಷ್ಟು ಹತ್ತಿರ ಬರುತ್ತಾರೆ ಎನ್ನುವುದು ಆಗ ತಿಳಿಯಿತು.

ಈಗ ಹೆದರಿಕೆಯ ಮಾತು. ತೋಟದ ಕಾಲುದಾರಿಯಲ್ಲಿ ಕಾಳಿಂಗ ಎದುರಾದರೆ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಉಸಿರು ಮೇಲಕ್ಕೇರಿ ಎದೆಯಲ್ಲೇ ನಿಲ್ಲುತ್ತದೆ, ಅಂಗೈ ಬೆವರುತ್ತದೆ. ಓಡುವುದಕ್ಕೆ ಮೈ ತಯಾರಾಗುವ ರೀತಿ ಅದು. ನೂರು ಕಣ್ಣು ನಮ್ಮ ಮೇಲೆ ಬಿದ್ದಾಗಲೂ ಮೈ ಅದನ್ನೇ ಮಾಡುತ್ತದೆ. ಇದು ಹೇಡಿತನವಲ್ಲ. ವರ್ಷಗಟ್ಟಲೆ ವೇದಿಕೆ ಹತ್ತಿದ ನನಗೆ ಇವತ್ತು ಬೆಳಿಗ್ಗೆಯೂ ಅಂಗೈ ತಣ್ಣಗಾಗಿತ್ತು. ಎದೆಬಡಿತಕ್ಕೆ ನಿಲ್ಲು ಎಂದರೆ ಅದು ನಿಲ್ಲುವುದಿಲ್ಲ. ಬೆವರಿಗೂ ನಮ್ಮ ಮಾತು ಕೇಳಿಸುವುದಿಲ್ಲ. ಅಷ್ಟರಲ್ಲಿ ನಮ್ಮ ಹಿಡಿತಕ್ಕೆ ಸಿಗುವುದು ಉಸಿರು ಒಂದೇ. ಹೊಕ್ಕುಳ ಮೇಲೆ ಕೈಯಿಟ್ಟು, ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ ತೆಗೆದುಕೊಳ್ಳಿ. ಕೈ ಮುಂದಕ್ಕೆ ಬರಬೇಕು, ಭುಜ ಏಳಬಾರದು. ಎಂಟು ಎಣಿಸುವಷ್ಟು ಹೊತ್ತು "ಸ್ಸ್ಸ್" ಎನ್ನುತ್ತಾ ಬಿಡಿ. ಒಳಗಿನದಕ್ಕಿಂತ ಹೊರಗಿನ ಉಸಿರು ಉದ್ದವಾದಾಗ ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ನಿಮ್ಮ ಸರದಿ ಬರುವ ಮೊದಲು ಕುರ್ಚಿಯಲ್ಲಿ ಕೂತೇ ಐದು ಸಲ ಮಾಡಿದರೆ ಪಕ್ಕದವರಿಗೂ ಗೊತ್ತಾಗುವುದಿಲ್ಲ.

ನಾನು ಇಲ್ಲಿಗೆ ಬಂದದ್ದು ಮುಖ್ಯವಾಗಿ ಒಂದು ಮಾತು ಹೇಳಲು. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಇದೆಯೋ ಇಲ್ಲವೋ, ಬೇಕೋ ಬೇಡವೋ, ಕೊಟ್ಟರೋ ಕೊಡಲಿಲ್ಲವೋ, ಎಲ್ಲ ತೀರ್ಮಾನವಾಗುವುದು ಕಟ್ಟಕಡೆಯ ಎರಡು ಅಕ್ಷರದಲ್ಲಿ. ನಮ್ಮ ಉಸಿರು ಮುಗಿಯುವುದೂ ಅಲ್ಲೇ, ಧೈರ್ಯ ಮುಗಿಯುವುದೂ ಅಲ್ಲೇ. "ನಮ್ಮ ಕೇರಿಗೆ ಹದಿನೈದು ದಿನದಿಂದ ನಲ್ಲೀಲಿ ನೀರು ಬಂದಿ..." ಎಂದು ಕೂತುಬಿಡುತ್ತೇವೆ. ಬಂದಿದೆಯೋ, ಬಂದಿಲ್ಲವೋ? "ಶಾಲೆ ಹತ್ತಿರ ಬಾರ್ ಬೇ..." ಬೇಕೋ, ಬೇಡವೋ? ನಡಾವಳಿ ಬರೆಯುವವರು ದೂರದ ಮೇಜಿನಲ್ಲಿ ಕೂತಿರುತ್ತಾರೆ. ಅವರಿಗೆ ಕೇಳಿಸಿದ್ದಷ್ಟೇ ಪುಸ್ತಕಕ್ಕೆ ಹೋಗುತ್ತದೆ. ಪುಸ್ತಕಕ್ಕೆ ಹೋಗದ ಬೇಡಿಕೆಗೆ ಮುಂದಿನ ಸಭೆಯಲ್ಲಿ ಉತ್ತರ ಕೇಳುವುದು ಹೇಗೆ? 2010ರಿಂದ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗಿದೆ. ಕುರ್ಚಿ ಸಿಕ್ಕಿದೆ. ಆ ಕುರ್ಚಿಯಿಂದ ಎದ್ದು ಆಡಿದ ಮಾತಿನ "ಇಲ್ಲ" ಮತ್ತು "ಬೇಡ" ಎದುರಿನ ಗೋಡೆಗೆ ಹೋಗಿ ತಾಗಬೇಕು.

ಇದಕ್ಕೆ ಅಭ್ಯಾಸ ಸುಲಭ. ದಿನಪತ್ರಿಕೆಯ ಒಂದು ಸುದ್ದಿ ತೆಗೆದುಕೊಂಡು ಗಟ್ಟಿಯಾಗಿ ಓದಿ. ಪ್ರತಿ ವಾಕ್ಯದ ಕೊನೆಯ ಪದಕ್ಕೆ ಬಂದಾಗ ಬೇಲಿಯ ಗೂಟಕ್ಕೆ ಕೊನೆಯ ಏಟು ಹಾಕಿದ ಹಾಗೆ ಊರಿ ಹೇಳಿ. ಕಿರುಚುವುದು ಬೇಡ, ಊರಿದರೆ ಸಾಕು. ಆ ಪದಕ್ಕೆ ಉಸಿರು ಉಳಿಯಬೇಕಾದರೆ ವಾಕ್ಯ ಚಿಕ್ಕದಿರಬೇಕು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎನ್ನುವುದನ್ನು ನಮ್ಮ ಜಿಲ್ಲೆಯ ಹೊಸಹಳ್ಳಿಯ ಗಮಕಿಗಳನ್ನು, ಅಂದರೆ ಕಾವ್ಯವನ್ನು ರಾಗವಾಗಿ ಓದುವವರನ್ನು, ಕೇಳಿ ಕಲಿಯಬೇಕು. ಶಿವಮೊಗ್ಗದ ಹತ್ತಿರ ತುಂಗೆಯ ಒಂದು ದಡದಲ್ಲಿ ಮತ್ತೂರು, ಇನ್ನೊಂದು ದಡದಲ್ಲಿ ಹೊಸಹಳ್ಳಿ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ನಿಮಗೆ ನೆನಪಿರಬಹುದು. ಕುಮಾರವ್ಯಾಸನ ಷಟ್ಪದಿಯಲ್ಲಿ ಸಾಲು ಮುಗಿದರೂ ಎಷ್ಟೋ ಕಡೆ ಪದ ಮುಗಿದಿರುವುದಿಲ್ಲ, ಅರ್ಧ ಪದ ಮುಂದಿನ ಸಾಲಿಗೆ ಹರಿಯುತ್ತದೆ. ಸಾಲು ನೋಡಿ ನಿಲ್ಲಿಸಿದರೆ ಅರ್ಥ ಕೆಡುತ್ತದೆ. ಒಳ್ಳೆಯ ಗಮಕಿ ಅರ್ಥ ಮುಗಿದಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಓದಲು ಬಾರದ ಅಜ್ಜಿಗೂ ಆ ಹಳಗಾಲದ ಕನ್ನಡ ತಿಳಿಯುವುದು ಅದರಿಂದಲೇ.

ಮರೆತುಹೋದರೆ ಏನು ಗತಿ ಎಂದು ಕೆಲವರು ಕೇಳಿದಿರಿ. ಮಳೆಗಾಲದ ತಾಳಮದ್ದಳೆಯನ್ನು ನೀವೆಲ್ಲ ಕೇಳಿದವರೇ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷವಿಲ್ಲ, ಕುಣಿತವಿಲ್ಲ, ಕೈಯಲ್ಲಿ ಬರೆದ ಮಾತಿಲ್ಲ. ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು, ಹಾಡುವ ಭಾಗವತರ ಪದ್ಯ ಕೇಳಿ, ಎದುರಿನವರ ಮಾತು ಕೇಳಿ, ಅಲ್ಲೇ ಮಾತು ಕಟ್ಟುತ್ತಾರೆ. ಅವರಿಗೆ ಪ್ರಸಂಗದ ದಾರಿ ಗೊತ್ತು. ಮಾತು ದಾರಿಯಲ್ಲಿ ಸಿಗುತ್ತದೆ. ಬಾಯಿಪಾಠ ಮಾಡಿದವರಿಗೆ ಒಂದು ಪದ ತಪ್ಪಿದರೂ ಎಲ್ಲ ತಪ್ಪುತ್ತದೆ. ಆದ್ದರಿಂದ ಮೊದಲ ವಾಕ್ಯ ಮತ್ತು ನಿಮಗೆ ಏನು ಬೇಕು ಎನ್ನುವ ಕೊನೆಯ ವಾಕ್ಯ, ಇವೆರಡನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. "ವೇದಿಕೆಯ ಮೇಲೆ ಆಸೀನರಾಗಿರುವ ಸಮಸ್ತ ಗಣ್ಯಮಾನ್ಯರೇ" ಎಂದು ಶುರುಮಾಡಬೇಕಾಗಿಲ್ಲ. ಆ ಪದಗಳನ್ನು ದಾಟುವಷ್ಟರಲ್ಲೇ ಉಸಿರು ಸೋತಿರುತ್ತದೆ. "ಅಧ್ಯಕ್ಷರಿಗೆ, ಎಲ್ಲರಿಗೂ ನಮಸ್ಕಾರ" ಎಂದರೆ ಮರ್ಯಾದೆಗೆ ಏನೂ ಕಡಿಮೆಯಾಗುವುದಿಲ್ಲ.

ಒಂದು ವಿಷಯ ಹೇಳದೆ ಮುಂದೆ ಹೋದರೆ ನನಗೆ ಸಮಾಧಾನವಿಲ್ಲ. ಎಂಟನೇ ತರಗತಿಯ ಒಬ್ಬ ಹುಡುಗಿ ತನ್ನ ಅಜ್ಜಿ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ಹಾಕುವ ಬಗ್ಗೆ ಮಾತಾಡುತ್ತಿದ್ದಳು. ತುಂಬಾ ಚೆನ್ನಾಗಿ ಶುರುಮಾಡಿದ್ದಳು. ತೊಟ್ಟು ಮುರಿದರೆ ಸೊನೆ ಚಿಮ್ಮಿ ಅಜ್ಜಿಯ ಕೈ ಕಪ್ಪಾಗುವುದನ್ನು ತನ್ನ ಕೈ ಚಾಚಿ ತೋರಿಸಿದ್ದಳು. "ಒಳೆ ದಂಡೇಲಿ ಒಂದು ಮರ ಐತೆ" ಎಂದಳು. ನಾನು ತಡೆದೆ. "ಒಳೆ ಅಲ್ಲ, ಹೊಳೆ." ತಿದ್ದಿಕೊಂಡಳು. ಮತ್ತೆ "ಅಣ್ಣಾಗೋಕೆ ಮೊದಲೇ ಕೊಯ್ಬೇಕು" ಎಂದಳು. ಮತ್ತೆ ತಡೆದೆ. ಕ್ಲಾಸು ನಕ್ಕಿತು. ಅವಳು ಚಾಚಿದ ಕೈಯನ್ನು ಲಂಗದ ಹಿಂದೆ ಎಳೆದುಕೊಂಡು ಕೂತಳು. ಹತ್ತನೇ ತರಗತಿ ಮುಗಿಯುವವರೆಗೂ ಅವಳು ಎದ್ದು ಮಾತಾಡಿದ್ದನ್ನು ನಾನು ನೋಡಲಿಲ್ಲ. ಒಂದು ಹಕಾರಕ್ಕಾಗಿ ನಾನು ಇಡೀ ದನಿಯನ್ನು ಮುಚ್ಚಿದೆ. ಹಕಾರವನ್ನು ಆಮೇಲೆ, ಒಬ್ಬಳೇ ಇದ್ದಾಗ ಹೇಳಿಕೊಡಬಹುದಿತ್ತು. ಇಲ್ಲಿ ಕೂತವರಲ್ಲಿ ಯಾರ ಬಾಯಿಯನ್ನಾದರೂ ಹೀಗೆ ಮುಚ್ಚಿಸಿದ್ದರೆ, ಆ ತಪ್ಪು ನಿಮ್ಮದಾಗಿರಲಿಲ್ಲ. ನಿಮ್ಮ ಮನೆಯ ಮಾತಿನಲ್ಲೇ ಮಾತಾಡಿ. ಉಡುತಡಿಯ ಅಕ್ಕಮಹಾದೇವಿ, ಬಳ್ಳಿಗಾವಿಯ ಅಲ್ಲಮ, ಇಬ್ಬರೂ ಈಗಿನ ಶಿಕಾರಿಪುರ ತಾಲ್ಲೂಕಿನವರು. ಹನ್ನೆರಡನೆಯ ಶತಮಾನದಲ್ಲಿ ತುಂಬಿದ ಅನುಭವ ಮಂಟಪದಲ್ಲಿ ಅಲ್ಲಮ ಕೇಳಿದ ಪ್ರಶ್ನೆಗಳಿಗೆ ಅಕ್ಕ ಉತ್ತರ ಕೊಟ್ಟದ್ದು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ.

ಮಾತಿನಲ್ಲಿ ಕೈಗೆ ಸಿಗುವಂಥ ಒಂದು ವಸ್ತು ಇರಲಿ. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಎಚ್. ಗಣಪತಿಯಪ್ಪ ರೈತರನ್ನು ಕಟ್ಟಿದರು, ನಮ್ಮ ಆರಗದ ಶಾಂತವೇರಿ ಗೋಪಾಲಗೌಡರು ಜೊತೆಯಾದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಷ್ಟು ದೊಡ್ಡ ಹೋರಾಟದ ಮೂಲದಲ್ಲಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ. ಕೊಳಗ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೀವೂ "ಮೂಲಭೂತ ಸೌಕರ್ಯದ ಕೊರತೆ" ಎನ್ನಬೇಡಿ. "ಸಂಕದ ಎರಡು ಹಲಗೆ ಮುರಿದಿವೆ, ಮಕ್ಕಳು ಹಳ್ಳ ದಾಟೋಕೆ ಆಗ್ತಿಲ್ಲ" ಅನ್ನಿ. ಮುರಿದ ಹಲಗೆ ಎದುರಿನವರ ಕಣ್ಣಿಗೆ ಬಂದರೆ ನಿಮ್ಮ ದನಿಗೂ ಬಲ ಬರುತ್ತದೆ.

ಮೈಕಿನ ಬಗ್ಗೆ ಎರಡೇ ಮಾತು. ಬಾಯಿಗೂ ಅದಕ್ಕೂ ಒಂದು ಗೇಣು ಅಂತರ ಇರಲಿ, ಊದಿ ನೋಡಬೇಡಿ. ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಹೋದರೆ ಅಂಗಳದ ಕೂಗನ್ನು ನೆನೆದು ಮುಂದುವರಿಸಿ.

ಮನೆಯಲ್ಲಿ ಮಾಡಲು: ಲೋಟದಲ್ಲಿ ಮೂರು ಬೆರಳು ನೀರು ಹಾಕಿ, ಎಳನೀರಿನ ಸ್ಟ್ರಾ ಇಟ್ಟು, ಗುಳ್ಳೆ ಏಳುವ ಹಾಗೆ "ಊ" ಎನ್ನಿ. ನನ್ನ ಗಂಟಲಿನ ಗಂಟು ಕರಗಿಸಲು ವಾಕ್ ಚಿಕಿತ್ಸೆಯಲ್ಲಿ ಹೇಳಿಕೊಟ್ಟ ಅಭ್ಯಾಸ ಇದು, ತಂತುಗಳ ಮೇಲಿನ ಹೊಡೆತ ಕಡಿಮೆಯಾಗುತ್ತದೆ. ಮೊಬೈಲಿನಲ್ಲಿ ಎರಡು ನಿಮಿಷ ನಿಮ್ಮ ಮಾತು ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ಬೇಸರವಾಗುತ್ತದೆ. ನಮ್ಮ ದನಿ ನಮಗೆ ತಲೆಯ ಮೂಳೆಯ ಮೂಲಕವೂ ಕೇಳಿಸುವುದರಿಂದ ತುಂಬಿದ ಹಾಗಿರುತ್ತದೆ, ರೆಕಾರ್ಡಿನಲ್ಲಿ ಆ ತುಂಬು ಇರುವುದಿಲ್ಲ. ಉಳಿದವರು ಯಾವಾಗಲೂ ಕೇಳುತ್ತಿರುವುದು ಆ ದನಿಯನ್ನೇ, ಅವರಿಗೆ ಅದು ಒಗ್ಗಿದೆ. ನಿಮಗೂ ಒಂದು ವಾರದಲ್ಲಿ ಒಗ್ಗುತ್ತದೆ. ಆಮೇಲೆ ಒಂದನ್ನೇ ಗಮನಿಸಿ: ವಾಕ್ಯದ ಕೊನೆ ಕೇಳಿಸುತ್ತಿದೆಯೇ?

ಊಟ ಆದ ಮೇಲೆ ಐದೈದು ಜನ ಗುಂಪಾಗಿ ಕೂರೋಣ. ನಿಮ್ಮೂರಲ್ಲಿ ಈಗ ಆಗಬೇಕಾದ ಒಂದು ಕೆಲಸ ಆರಿಸಿಕೊಳ್ಳಿ. ಮೊದಲ ವಾಕ್ಯ, ಕೊನೆಯ ವಾಕ್ಯ ಚೀಟಿಯಲ್ಲಿ ಬರೆದುಕೊಳ್ಳಿ, ಬರೆಯಲು ಬಾರದವರಿಗೆ ಪಕ್ಕದವರು ಬರೆದುಕೊಡಿ. ನಾನು ಬೆಳಗಿನ ಹಾಗೇ ಕೊನೆಯ ಸಾಲಿನಲ್ಲಿ ಕೂತಿರುತ್ತೇನೆ. ಕೊನೆಯ ಪದ ಕೇಳಿಸಿದರೆ ಕೈ ಎತ್ತುತ್ತೇನೆ, ಕೈ ಎತ್ತುವವರೆಗೆ ಕೂರಬೇಡಿ.