ಕ್ಯಾಪ್ ರಿವಾಲ್ವರ್ ರಿಪೇರಿ: ಬಿಡಿಭಾಗ ತರಿಸುವ ಮುಂಚೆ ಈ ಗುರುತು ನೋಡಿ

(ಕ್ಲೋಸ್‌ಅಪ್: ಬಟ್ಟೆಯ ಮೇಲೆ ತುಕ್ಕು ಹಿಡಿದ ರಿವಾಲ್ವರ್)

ನಮಸ್ಕಾರ. ನೋಡೋಕೆ ಇದು ಅಮೆರಿಕದ ಹಳೇ ರಿವಾಲ್ವರ್ ಕೋಲ್ಟ್ 1851 ನೇವಿ. ಸಿಲಿಂಡರ್ ಸುತ್ತ ಹಡಗುಗಳ ಕಾಳಗ ಕೆತ್ತಿದೆ. ಆದರೆ ಇದು ಇಟಲಿಯಲ್ಲಿ ಮಾಡಿದ ನಕಲು. ಹ್ಯಾಮರ್ ಎಳೆದರೆ ಸಿಲಿಂಡರ್ ತಿರುಗುತ್ತಿಲ್ಲ.

ಮೊದಲು, ಖಾಲಿ ಇದೆಯಾ ನೋಡಿ. ಸಿಲಿಂಡರ್ ಹಿಂಬದಿಯ ನಿಪ್ಪಲ್ ಅನ್ನೋ ಪುಟ್ಟ ಕೊಳವೆ ಮೇಲೆ ಕ್ಯಾಪ್, ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿ, ಇಲ್ಲ ಅಂದ ಮಾತ್ರಕ್ಕೆ ಖಾಲಿ ಅಲ್ಲ. ಯಾರೋ ಮದ್ದು ತುಂಬಿ ಮರೆತಿರಬಹುದು. ಸಿಲಿಂಡರಿನ ಆರೂ ಕೋಣೆಗಳಿಗೆ ಕಡ್ಡಿ ಇಳಿಸಿ. ತಳದವರೆಗೆ ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಬಂದೂಕು ರಿಪೇರಿ ಬಲ್ಲವರಿಗೆ ಕೊಡಿ.

(ದೃಶ್ಯ: ಬೆಣೆ ತಟ್ಟುವುದು)

ಬ್ಯಾರೆಲ್ಲನ್ನು ಹಿಡಿದಿರುವುದು ಈ ಒಂದು ಬೆಣೆ. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಸ್ಕ್ರೂಗಳಿಗೆ ಸೀಳಿನಲ್ಲಿ ಬಿಗಿಯಾಗಿ ಕೂರುವ ಸ್ಕ್ರೂಡ್ರೈವರ್ರೇ ಬೇಕು. ಸಡಿಲ ಇದ್ದರೆ ತಲೆ ಕಿತ್ತುಹೋಗುತ್ತದೆ.

ನೋಡಿ, ಸಿಕ್ಕಿತು! ಸಿಲಿಂಡರನ್ನು ತಳ್ಳುವ ಈ ಪುಟ್ಟ ತುಂಡಿಗೆ ಹ್ಯಾಂಡ್ ಅಂತಾರೆ. ಅದರ ಬೆನ್ನಿಗೆ ಒಂದು ತೆಳು ಪಟ್ಟಿ ಸ್ಪ್ರಿಂಗ್ ಇರಬೇಕು. ಇಲ್ಲಿ ಬುಡದಲ್ಲೇ ಮುರಿದಿದೆ.

ಸುಮ್ನೆ "1851 ನೇವಿ ಹ್ಯಾಂಡ್" ಅಂತ ಆರ್ಡರ್ ಮಾಡಬೇಡಿ. ನಾನು ಮಾಡಿದ್ದೆ, ದುಡ್ಡು ದಂಡ. ಉಬೆರ್ಟಿ, ಪಿಯೆಟ್ಟಾ ಇಂಥ ನಕಲು ಮಾಡುವ ಇಟಲಿಯ ಕಂಪನಿಗಳು; ಉಬೆರ್ಟಿಯದು ಪಿಯೆಟ್ಟಾಕ್ಕೆ ಹಾಗೇ ಕೂರುತ್ತದೆ ಅಂತ ನಂಬುವಂತಿಲ್ಲ. ಬ್ಯಾರೆಲ್, ಫ್ರೇಮ್ ಮೇಲೆ ತಯಾರಕರ ಗುರುತು ಹುಡುಕಿ. ಬ್ಯಾರೆಲ್ ಕೆಳಗಿರುವ, ಗುಂಡು ಒತ್ತಿ ಕೂರಿಸುವ ಲೋಡಿಂಗ್ ಲಿವರ್ ಕೆಳಗೂ ಇಣುಕಿ. ಪುಟ್ಟ ಚೌಕದೊಳಗೆ ಎರಡು ಅಕ್ಷರ ಕಂಡರೆ, ಅದು ಇಟಲಿಯ ಪರೀಕ್ಷಾ ವರ್ಷ. ಎಎ ಅಂದರೆ 1975, ಎಬಿ ಅಂದರೆ 1976. ತಯಾರಕರು ಮತ್ತು ವರ್ಷ, ಎರಡನ್ನೂ ಹೇಳಿಯೇ ಬಿಡಿಭಾಗ ಕೇಳಿ.

ನಿಪ್ಪಲ್‌ದೂ ಇದೇ ಕಥೆ. ಈ ಎರಡು ಕಂಪನಿಗಳ ನಕಲುಗಳಲ್ಲಿ ಸಾಮಾನ್ಯವಾಗಿ 6 ಮಿ.ಮೀ. ದಪ್ಪ, 0.75 ಮಿ.ಮೀ. ಥ್ರೆಡ್. ಅಸಲಿ ಕೋಲ್ಟ್‌ನದು ಇಂಚಿನ ಲೆಕ್ಕ. ಬೆರಳಲ್ಲೇ ಎರಡು ಸುತ್ತು ಹೋಗದಿದ್ದರೆ ಬಲವಂತ ಮಾಡಬೇಡಿ, ಸಿಲಿಂಡರೇ ಹಾಳಾಗುತ್ತದೆ. ಅಂದಹಾಗೆ, ನಿಮ್ಮದು ನಿಜಕ್ಕೂ 19ನೇ ಶತಮಾನದ್ದಾದರೆ ಉಜ್ಜಿ ಹೊಳಪು ಕೊಡೋಕೆ ಹೋಗಬೇಡಿ. ಕಾಲ ಕಳೆದಂತೆ ಲೋಹದ ಮೇಲೆ ಬಂದ ಆ ಕಂದು ಬಣ್ಣಕ್ಕೇ ಬೆಲೆ ಜಾಸ್ತಿ.

(ಕ್ಲೋಸ್‌ಅಪ್: ಹೊಸ ಹ್ಯಾಂಡ್, ನುಣುಪು ಅರ)

ಹೊಸ ಹ್ಯಾಂಡ್ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಉದ್ದ ಜಾಸ್ತಿ ಇದೆ. ಹಾಗಾಗಿ ಹ್ಯಾಮರ್ ಪೂರ್ತಿ ಹಿಂದೆ ಬರುತ್ತಿಲ್ಲ. ತುದಿಗೆ ಎರಡೇ ಸಲ ಅರ ಆಡಿಸಿ, ಜೋಡಿಸಿ, ನೋಡಿ. ಮತ್ತೆ ಬಿಚ್ಚಿ. ಬೇಜಾರಿನ ಕೆಲಸ, ನಿಜ. ಆದರೆ ಜಾಸ್ತಿ ಉಜ್ಜಿದರೆ ಸಿಲಿಂಡರ್ ಪೂರ್ತಿ ತಿರುಗುವ ಮೊದಲೇ ನಿಲ್ಲುತ್ತದೆ, ಆಮೇಲೆ ಇನ್ನೊಂದು ಹ್ಯಾಂಡ್ ತರಿಸಬೇಕು.

ಐದನೇ ಸಲಕ್ಕೆ ಸರಿಹೋಯಿತು. ಹ್ಯಾಮರ್ ಪೂರ್ತಿ ಹಿಂದೆ ಬರುವಾಗಲೇ ಬೋಲ್ಟ್, ಅಂದರೆ ಸಿಲಿಂಡರನ್ನು ಹಿಡಿದು ನಿಲ್ಲಿಸುವ ತುಂಡು, ಸಿಲಿಂಡರಿನ ಹಳ್ಳಕ್ಕೆ ಬೀಳಬೇಕು. ಕೇಳಿ...

(ಶಬ್ದ: ಟಕ್)

ಇನ್ನೂ ಐದು ಕೋಣೆ ಬಾಕಿ. ಒಂದೊಂದನ್ನೂ ಹೀಗೇ ನೋಡೋಣ.