ಮಿಷನ್ ಹಿಲ್‌ನ ಬಾಡಿಗೆದಾರರು

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಎಷ್ಟೋ ಜನ ಇಲ್ಲೇ ಬಾಸ್ಟನ್ನಿನ ಲಾಂಗ್‌ವುಡ್ ಆಸ್ಪತ್ರೆಗಳಲ್ಲಿ, ಲ್ಯಾಬುಗಳಲ್ಲಿ ಕೆಲಸ ಮಾಡುತ್ತೀರಿ. ಊರಿಂದ ಬಂದ ಅಪ್ಪ ಅಮ್ಮನಿಗೆ ಹುಷಾರಿಲ್ಲದಿದ್ದರೆ ಅಲ್ಲಿಗೇ ಕರೆದುಕೊಂಡು ಹೋಗುತ್ತೀರಿ. ಬ್ರಿಗಮ್ ಆಸ್ಪತ್ರೆಯಿಂದ ಹೊರಗೆ ಬಂದು ಫ್ರಾನ್ಸಿಸ್ ಸ್ಟ್ರೀಟ್ ಹಿಡಿದು ಸ್ವಲ್ಪ ದೂರ ನಡೆದರೆ ಹಳೆಯ ಮನೆಗಳು ಕಾಣುತ್ತವೆ, ಅಲ್ವಾ? ಇವತ್ತು ನನ್ನ ಮಾತು ಆ ಮನೆಗಳ ಬಗ್ಗೆ. ಅವು ಸುಮ್ನೆ ಉಳಿದುಕೊಂಡಿಲ್ಲ.

ಅಂಥ ಮನೆಗೆ ಇಲ್ಲಿನವರು ಟ್ರಿಪಲ್ ಡೆಕ್ಕರ್ ಅನ್ನುತ್ತಾರೆ. ಮರದ ಮನೆ, ಒಂದರ ಮೇಲೊಂದು ಮೂರು ಅಂತಸ್ತು, ಅಂತಸ್ತಿಗೊಂದು ಸಂಸಾರ. ಎದುರಿಗೆ ಮೂರು ಜಗಲಿ, ಹಿಂದೆ ಬಟ್ಟೆ ಒಣಹಾಕುವ ಹಗ್ಗ. ನಮ್ಮ ವಠಾರವನ್ನೇ ಎತ್ತಿ ನಿಲ್ಲಿಸಿದ ಹಾಗೆ. ಮೇಲಿನ ಮನೆಯವರು ಮೆಟ್ಟಿಲಿಳಿದರೆ ಕೆಳಗಿನವರಿಗೆ ಗೊತ್ತಾಗುತ್ತದೆ. ಈ ಮನೆಗಳಿರುವ ಬಡಾವಣೆಯ ಹೆಸರು ಮಿಷನ್ ಹಿಲ್. ಅಲ್ಲಿ ಮೊದಲು ಐರಿಷ್ ಮತ್ತು ಜರ್ಮನ್ ಕಾರ್ಮಿಕರು ಜಾಸ್ತಿ ಇದ್ದರು. ಆಮೇಲೆ ಕಪ್ಪು ಜನರ, ಸ್ಪ್ಯಾನಿಷ್ ಮಾತಾಡುವವರ ಸಂಸಾರಗಳೂ ಬಂದವು. ಯಾರೂ ದುಡ್ಡಿದ್ದವರಲ್ಲ.

1960ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಈ ಬೀದಿಗಳ ಮನೆಗಳನ್ನು ಕೊಳ್ಳುತ್ತಾ ಬಂತು. ಅದರ ಮೆಡಿಕಲ್ ಸ್ಕೂಲಿಗೆ ಸೇರಿದ ಆಸ್ಪತ್ರೆಗಳನ್ನು ಒಂದೇ ದೊಡ್ಡ ಕಟ್ಟಡಕ್ಕೆ ತರಬೇಕು, ಅದಕ್ಕೆ ಜಾಗ ಬೇಕು ಅಂತ. ಬಾಡಿಗೆಗೆ ಇದ್ದವರಿಗೆ ಜಾಗ ಖಾಲಿ ಮಾಡಿ ಅನ್ನುವ ಸುದ್ದಿ ಬಂತು.

1969ರ ಏಪ್ರಿಲ್ 9ರಂದು ಹಾರ್ವರ್ಡ್ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಆಡಳಿತ ಕಚೇರಿಯಾದ ಯೂನಿವರ್ಸಿಟಿ ಹಾಲ್‌ಗೆ ನುಗ್ಗಿ ಕೂತರು. ಅವರ ದೊಡ್ಡ ಸಿಟ್ಟು ವಿಯೆಟ್ನಾಂ ಯುದ್ಧದ ಮೇಲೆ, ಕ್ಯಾಂಪಸ್ಸಿನ ಸೈನಿಕ ತರಬೇತಿಯ ಮೇಲೆ. ಆದರೆ ಬೇಡಿಕೆಗಳ ಪಟ್ಟಿಯಲ್ಲಿ ಇನ್ನೊಂದು ಮಾತೂ ಇತ್ತು: ಮೆಡಿಕಲ್ ಸ್ಕೂಲಿಗಾಗಿ ರಾಕ್ಸ್‌ಬರಿಯ 182 ಮನೆಗಳನ್ನು ಕೆಡವಬೇಡಿ. ರಾಕ್ಸ್‌ಬರಿ ಅಂದರೆ ಮಿಷನ್ ಹಿಲ್ ಸೇರಿದ್ದ ದೊಡ್ಡ ಪ್ರದೇಶ. ಮರುದಿನ ಬೆಳಗಿನ ಜಾವ ಪೊಲೀಸರು ಬಂದು ಅವರನ್ನು ಹೊಡೆದು ಹೊರಗೆ ಹಾಕಿದರು. ಈ ಕಥೆ ಹೇಳುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ. ವಿದ್ಯಾರ್ಥಿಗಳು ಓದು ಮುಗಿಸಿ ಹೋದರು. ಆಮೇಲಿನ ಸುಮಾರು ಹತ್ತು ವರ್ಷ ಮೀಟಿಂಗಿಗೆ ಹೋಗಿ ಕೂತವರು ಆ ಬೀದಿಯ ಬಾಡಿಗೆದಾರರೇ.

1969ರಲ್ಲೇ ಆ ಬಾಡಿಗೆದಾರರು ಸಂಘ ಕಟ್ಟಿಕೊಂಡರು. ಹೆಸರು 'ರಾಕ್ಸ್‌ಬರಿ ಟೆನೆಂಟ್ಸ್ ಆಫ್ ಹಾರ್ವರ್ಡ್'. ಆ ಹೆಸರನ್ನು ಒಮ್ಮೆ ನಿಧಾನವಾಗಿ ಓದಿ. 'ಹಾರ್ವರ್ಡ್ ವಿರೋಧಿ ಸಮಿತಿ' ಅಂತ ಇಟ್ಟುಕೊಳ್ಳಲಿಲ್ಲ. ನಾವು ನಿಮ್ಮ ಬಾಡಿಗೆದಾರರು, ನೀವು ನಮ್ಮ ಮನೆ ಓನರ್, ಸೂರು ಸೋರಿದರೆ ಸರಿಮಾಡಿಸುವ ಕೆಲಸ ನಿಮ್ಮದು. ಇಷ್ಟನ್ನೂ ಹೆಸರೇ ಹೇಳಿತು. ಆಸ್ಪತ್ರೆಯೇ ಬೇಡ ಅಂತ ಅವರು ಹಟ ಹಿಡಿಯಲಿಲ್ಲ. ನಮ್ಮನ್ನು ಎಬ್ಬಿಸಿ ಕಟ್ಟಬೇಡಿ ಅಂದರು. ಇರುವ ಮನೆ ರಿಪೇರಿ ಆಗಲಿ, ಹೊಸ ಮನೆಗಳೂ ಬರಲಿ, ಅವು ನಮ್ಮ ಕೈಗೆಟುಕಲಿ ಅಂದರು.

ಮುಖ್ಯವಾದ ಇನ್ನೊಂದು ಸಂಗತಿ ಇದೆ. ಅವರ ಜೊತೆ ಜಾನ್ ಶರಟ್ ಎಂಬ ಆರ್ಕಿಟೆಕ್ಟ್ ಇದ್ದರು. ವಿಶ್ವವಿದ್ಯಾಲಯಕ್ಕಲ್ಲ, ಬಾಡಿಗೆದಾರರಿಗಾಗಿ ನಕ್ಷೆ ಬರೆದವರು ಅವರು. ಬೇಡ ಅನ್ನುವುದರ ಜೊತೆಗೆ, ಇಗೋ ಹೀಗೆ ಕಟ್ಟಬಹುದು ಅಂತ ಮೇಜಿನ ಮೇಲೆ ಕಾಗದ ಹರಡುವ ಶಕ್ತಿ ಅದರಿಂದ ಬಂತು. ನಮ್ಮೂರುಗಳಲ್ಲಿ ರಸ್ತೆ ಅಗಲಿಸುವಾಗಲೋ, ಹಳೆ ಮಾರುಕಟ್ಟೆ ಕೆಡವುವಾಗಲೋ ನಾವು ಮನವಿ ಪತ್ರ ಕೊಟ್ಟು ಬರುತ್ತೇವೆ. ನಮ್ಮದೇ ಒಂದು ನಕ್ಷೆ ನಮ್ಮ ಕೈಯಲ್ಲಿ ಇರುವುದು ಕಡಿಮೆ.

1978ರ ಹೊತ್ತಿಗೆ ಮಿಷನ್ ಪಾರ್ಕ್ ಎಂಬ ವಸತಿ ಸಮುಚ್ಚಯ ಎದ್ದಿತು. ಮೊದಲು ಅದು ಕ್ರೈಸ್ತ ಸನ್ಯಾಸಿನಿಯರ ಮಠದ ಜಾಗ. ಅಲ್ಲಿ 775 ಮನೆಗಳು. ಒಂದು ಎತ್ತರದ ಗೋಪುರ, ಸುತ್ತ ಕಡಿಮೆ ಎತ್ತರದ ಸಾಲುಮನೆಗಳು. ಎರಡು ವರ್ಷದ ಮೇಲೆ, 1980ರಲ್ಲಿ, ಹೊಸ ಆಸ್ಪತ್ರೆಯೂ, ಅಂದರೆ ಈಗಿನ ಬ್ರಿಗಮ್, ಬಾಗಿಲು ತೆರೆಯಿತು. ನೀವು ದಿನಾ ಹೋಗುವುದು ಅದೇ ಆಸ್ಪತ್ರೆಗೆ.

ಕಾಲಾಂತರದಲ್ಲಿ ಮಿಷನ್ ಪಾರ್ಕ್ ಆ ಸಂಘದ ಕೈಗೇ ಬಂತು. ಖಾಲಿ ಮಾಡಿ ಅನ್ನಿಸಿಕೊಂಡವರ ಸಂಘ ಇವತ್ತು ಮನೆ ಓನರ್. ಹೆಸರು ಮಾತ್ರ ಬದಲಾಯಿಸಿಲ್ಲ, ಈಗಲೂ 'ಟೆನೆಂಟ್ಸ್' ಅಂತಲೇ ಇದೆ.

ಮುಂದಿನ ಸಲ ಅಮ್ಮನನ್ನು ಡಾಕ್ಟರಿಗೆ ತೋರಿಸಿ ಹೊರಗೆ ಬಂದಾಗ, ಪಾರ್ಕಿಂಗಿಗೆ ಹೋಗುವ ಮುಂಚೆ ಫೆನ್‌ವುಡ್ ರೋಡ್ ಕಡೆ ಒಂದು ಸುತ್ತು ಹಾಕಿ. ಜಗಲಿಯಲ್ಲಿ ಯಾರಾದರೂ ಕೂತಿದ್ದರೆ ನಮಸ್ಕಾರ ಹೇಳಿ, ಅವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಅಂತ ಕೇಳಿ.